ಮಾದಯ್ಯ ಮಾವನ ಬಲಗೈ

೧೩ ನವೆಂಬರ್ ೧೯೭೮, ಸೋಮವಾರ. ಸೇಲಂ.

ಬಂದಿದ್ದಾನೆ, ಅವ್ವನ ಅಣ್ಣ ಮಾದಯ್ಯ, ಕಂಬೈನಲ್ಲೂರಿನಿಂದ. ನಾನು ನರ್ಸ್ ಎನ್ನುವುದು ಈಗ ನೆನಪಾಗಿದೆ ಅವನಿಗೆ.

"ಬಲಗೈ ಒಂದು ಕಾಲು ಗಂಟೆ ಮರಗಟ್ಟೋಯ್ತು ಕಣಮ್ಮಾ. ಆಮೇಲೆ ಸರಿಯಾಯ್ತು. ಭಯ ಆಗ್ತೈತೆ."

ಎರಡು ವರ್ಷದ ಹಿಂದೆ ಊರಲ್ಲಿ ಅವ್ವನಿಗೂ ಹೀಗೇ ಬಾಯಿ ಸೊಟ್ಟಗಾಗಿ, ಸ್ವಲ್ಪ ಹೊತ್ತಿಗೆ ಸರಿಹೋಗಿತ್ತು. ಆಗಲೇ ಸೇಲಂ ಬಸ್ಸು ಹತ್ತಿಸಿದ್ದರೆ ಆಸ್ಪತ್ರೆಯಲ್ಲಿ ಪ್ರೆಶರ್ ನೋಡಿ ಮಾತ್ರೆ ಕೊಡುತ್ತಿದ್ದರು. ಇವನು, "ಆಸ್ಪತ್ರಿ ವೇಂಡಾಂ, ಬ್ಯಾಡ, ವಾಯು ಬಡಿದೈತೆ, ಸುಟ್ರೆ ಓಗ್ತದೆ" ಎಂದು, ಕಾಲೆಳೆಯುವ ಕುರಿಗೆ ಹಾಕುವಂತೆ ತಂಗಿಯ ತೋಳಿಗೆ ಬರೆ ಹಾಕಿದ. ಮೂರನೇ ದಿನ ಅವ್ವ ಬಿದ್ದಳು. ಮಾತು ಹೋಯಿತು, ಬಲಭಾಗ ಹೋಯಿತು. ಬರೆ ಮಾತ್ರ ಉಳಿದಿದೆ. ದಿನಾ ಮೈ ಒರೆಸುವಾಗ ನೋಡುತ್ತೇನೆ.

"ಕಬ್ಬಿಣ ಕಾಯಿಸ್ಲಾ ಮಾವ?" ಎಂದೆ. ಅವನ ಮುಖ ಬಿಳಿಚಿಕೊಂಡಿತು. ನನ್ನ ಹೊಟ್ಟೆ ತಣ್ಣಗಾಯಿತು.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚಿಕ್ಕ ಡಾಕ್ಟರು ಪ್ರೆಶರ್ ಮಾತ್ರೆ ಬರೆದು, ಜೊತೆಗೆ ಆಸ್ಪಿರಿನ್ ಎಂದರು. ತಲೆನೋವಿನ ಮಾತ್ರೆ ಲಕ್ವ ತಡೆಯುತ್ತದೆಯೇ ಎಂದು ದೊಡ್ಡ ಡಾಕ್ಟರು ನಕ್ಕರು. ಚಿಕ್ಕವರು ಬಿಡಲಿಲ್ಲ; ವಿದೇಶದಲ್ಲಿ ರೋಗಿಗಳಿಗೆ ಕೊಟ್ಟು ಪರೀಕ್ಷೆ ಮಾಡಿದ್ದಾರಂತೆ: ಗಂಡಸರಿಗೆ ಗುಣ ಕಂಡಿತು, ಹೆಂಗಸರಿಗೆ ಕಾಣಲಿಲ್ಲ. ಅದರಲ್ಲೂ ಇವನದೇ ಅದೃಷ್ಟ!

"ಮಾತ್ರೆ ಕೊಡಮ್ಮಾ, ಊರಿಗೆ ಓಗ್ತೀನಿ."

"ಇಲ್ಲೇ ಇರು. ದಿನಾ ಅವ್ವನ ಮಂಚದ ಮುಂದೆ ನಿಂತು ನುಂಗು."

ಸಂಜೆ ಮೊದಲನೆಯದು ನುಂಗಿದ. ಅವ್ವ ಎಡಗೈಯಿಂದ ಸೆರಗು ಸರಿಸಿ, ಬರೆಯ ತೋಳನ್ನು ಹೊರಗಿಟ್ಟಳು. ಅವನು ಕೆಮ್ಮಿ ಲೋಟದ ನೀರು ಚೆಲ್ಲಿದ. ನಾನು ಇನ್ನೊಂದು ಲೋಟ ಕೊಟ್ಟೆ.

ಒಂದು ದಿನವೂ ತಪ್ಪಿಸಲು ಬಿಡುವುದಿಲ್ಲ. ಅವನು ನೂರು ವರ್ಷ ಬದುಕಲಿ.