ಮಂಗಳ ಹಾಡದ ಪುಸ್ತಕ

ಕಾದಂಬರಿ ಬರೆದವರಿಗೆ ಸಗರದ ಕಲ್ಯಾಣಮ್ಮನ ಶರಣು.

ಕಣ್ಣು ಕಾಣದ ನಮ್ಮ ಅತ್ತೆಗೆ ದಿನಾ ದೇವರ ಮುಂದೆ ಪುರಾಣ ಓದುತ್ತೇನೆ. ಅದು ಮಂಗಳವಾಗುವ ತನಕ ಅವರದು ಒಪ್ಪತ್ತು ಊಟ. ಈ ಸಲ ಅದೇ ಜಾಗದಲ್ಲಿ ಕೂತು ನಿಮ್ಮ ಕೊಲೆಯ ಕಾದಂಬರಿ ಓದಿದ್ದು ನನ್ನ ತಪ್ಪು. ಕೊಂದವನು ಯಾರೆಂದು ಎರಡನೇ ಭಾಗದಲ್ಲಿ ಹೇಳುವುದಾಗಿ ಬರೆದು ಮುಗಿಸಿದ್ದೀರಿ. ಅತ್ತೆ ಒಪ್ಪತ್ತು ಬಿಡುತ್ತಿಲ್ಲ.

“ಇದು ಪುರಾಣ ಅಲ್ಲರಿ ಅತ್ತಿ, ಉಣ್ರಿ,” ಎಂದೆ.

“ಆ ಹುಡುಗೀನ ಕೊಂದಾವ ಸಿಕ್ಕಿಲ್ಲ, ಮಂಗಳ ಹ್ಯಾಂಗ ಹಾಡ್ತಿ?” ಎಂದರು.

ನಾನೇ ಒಂದು ಹೆಸರು ಸೇರಿಸಿ ಓದಿದೆ. “ದೇವರ ಮುಂದ ಕುಂತು ಸುಳ್ಳು ಓದಬ್ಯಾಡ,” ಎಂದು ಬೈದರು. ಈಗ ಕೂತಲ್ಲಿಂದ ಏಳಲು ಅವರಿಗೆ ನನ್ನ ಹೆಗಲು ಬೇಕು.

ಕೊಂದವನ ಹೆಸರನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿರಿ. ನಿಮಗೂ ಇನ್ನೂ ತಿಳಿದಿಲ್ಲದಿದ್ದರೆ ಯಾರನ್ನಾದರೂ ಬೇಗ ಹಿಡಿಸಿರಿ.

ಇಂತಿ,
ಟಪಾಲಿನ ದಾರಿ ನೋಡುವ
ಕಲ್ಯಾಣಮ್ಮ