ಮಗಳು ಯಾರ ಹೆಸರಿನವಳು

ಸ್ಟೇನಾರ್,

ನೀನು ಸ್ನಾನ ಮುಗಿಸಿ ಬಂದು ವಾದಕ್ಕಿಳಿಯುವ ಮೊದಲೇ ನಾನು ಹೊರಟೆ. ಮಗು ಊರಿನ ಎಲ್ಲ ಕೂಸುಗಳ ಹಾಗೆ ಕಿಟಕಿಯಾಚೆ ತಂಪುಗಾಳಿಯಲ್ಲಿ, ತಳ್ಳುಗಾಡಿಯೊಳಗೆ ಬೆಚ್ಚಗೆ ಮಲಗಿದೆ. ಹಿಮಗಾಳಿ ಜೋರಾದರೆ ಒಳಗೆ ತಂದುಕೋ. ಮೀನಿನ ಸಾರು ಒಲೆಯ ಮೇಲಿದೆ, ನನಗೂ ಚೂರು ಉಳಿಸು.

ಪಾದ್ರಿಯವರಲ್ಲಿ ಮಗುವಿನ ಹೆಸರು, ಅದರ ಜೊತೆಗೆ ಯಾರ ಮಗಳೆಂಬುದನ್ನೂ ಬರೆಸಿ ಬರುತ್ತೇನೆ. “ಮದುವೆ ಇನ್ನೂ ಆಗಿಲ್ವಲ್ಲೇ, ‘ಹಿಲ್ಡಾಳ ಮಗಳು’ ಅಂತಲೇ ಬರೆಸು. ನಾನೂ ಅಮ್ಮನ ಹೆಸರಲ್ಲೇ ಬೆಳೆದೋನು, ಏನ್ ಕಮ್ಮಿಯಾಗಿದೀನಿ?” ಅಂದೆಯಲ್ಲ ನಿನ್ನೆ. ಆಮೇಲೆ ತೊಟ್ಟಿಲಿಗೆ ಬಗ್ಗಿ, “ನಿಮ್ಮಪ್ಪ ನಾನೇ ಕಣೇ” ಅಂತ ಪಿಸುಗುಟ್ಟಿದ್ದು ನನಗೂ ಕೇಳಿಸಿತು.

ನಮ್ಮಜ್ಜಿಯ ಕತೆಗಳಲ್ಲಿ, ದಡದಲ್ಲಿ ತನ್ನ ಹೆಸರು ಹೊತ್ತ ಮಗುವಿರುವ ಬೆಸ್ತನನ್ನು ಕಡಲು ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ‘ಸ್ಟೇನಾರನ ಮಗಳು’ ಅಂತಲೇ ಹೇಳುತ್ತೇನೆ. ನಾಳೆ ನೀನು ದೋಣಿ ಹತ್ತುವಾಗ ನನಗೆ ಅಷ್ಟು ಧೈರ್ಯವಾದರೂ ಬೇಕು. ಮದುವೆ ಬೇಸಿಗೆಯಲ್ಲಿ ಆದರಾಯಿತು.

ಹಿಲ್ಡಾ