ಮೇಕಪ್ ಅಂದರೆ ಏನು, ಮುಮತಾಜ?

ಸರಸಂಬಾ
೧೨ ಆಗಸ್ಟ್ ೧೯೮೬

ಜೀವದ ಗೆಳತಿ ಮುಮತಾಜಳಿಗೆ,

ಅಫಜಲಪುರದಲ್ಲಿ ನೀನೂ ಮಕ್ಕಳೂ ಸುಖವಾಗಿದ್ದೀರೆಂದು ತಿಳಿದಿದ್ದೇನೆ. ಉತ್ತರ ತಡವಾಯಿತು, ಸಿಟ್ಟಾಗಬೇಡ. ತೊಗರಿಯ ಕಳೆ ತೆಗೆಯುವುದು ಮುಗಿದದ್ದೇ ಮೊನ್ನೆ. ಈಗಲೂ ಒಂದು ಇಂಗ್ಲಿಷ್ ಮಾತಿನ ಅರ್ಥ ಕೇಳಲೆಂದೇ ಬರೆಯಲು ಕೂತಿದ್ದೇನೆ. ಇಂಗ್ಲಿಷ್ ಕಲಿಸುವವರಲ್ಲಿ ನನಗೆ ಸಲುಗೆ ಇರುವುದು ನಿನ್ನೊಬ್ಬಳ ಹತ್ತಿರ.

ಮಗಳು ದ್ರೌಪದಿಯ ಶಾಲೆಗೆ ಹೊಸ ಟೀಚರ್ ಬಂದಿದ್ದಾರೆ. ಅವರು ನಮ್ಮ ಮನೆಯವರನ್ನು ದಾರಿಯಲ್ಲಿ ಕಂಡು, "ನಿಮ್ಮ ಹುಡುಗಿ ಭಾಳ ಮೇಕ್ ಅಪ್ ಮಾಡ್ತಾಳ್ರಿ" ಅಂದರಂತೆ. ಇವರು ಮನೆಗೆ ಬಂದವರೇ ನನ್ನ ಪೌಡರ್ ಡಬ್ಬಿ ತೆಗೆದು ಅಟ್ಟದ ಮೇಲಿಟ್ಟರು. "ನಾ ಏನೂ ಹಚ್ಕೊಂಡಿಲ್ಲಬೇ" ಎಂದು ಹುಡುಗಿ ಅತ್ತಳು.

ನಾನೇ ಶಾಲೆಗೆ ಹೋಗಿ ಕೇಳಿದೆ. ಟೀಚರ್ ನಕ್ಕರು. "ಮುಖಕ್ಕ ಹಚ್ಚೋದಲ್ರಿ. ಇಲ್ಲದ್ದನ್ನ ಕಟ್ಟಿ ಹೇಳೋದಕ್ಕೂ ಹಂಗ ಅಂತಾರ. ತನಗೊಬ್ಬ ಅಣ್ಣ ಇದ್ದಾನ, ಗಾಳಿಪಟ ಹಾರಿಸ್ತಾನ ಅಂತ ಎಲ್ಲಾರ ಮುಂದ ಹೇಳ್ತಾಳ."

ಮನೆಗೆ ಬಂದು ಮಗಳನ್ನು ಹತ್ತಿರ ಕೂಡಿಸಿಕೊಂಡೆ. "ಅಣ್ಣ ಇದ್ದಾನಂತ ಯಾರ್ ಹೇಳಿದ್ರವ್ವಾ?"

"ಯಾರೂ ಹೇಳಿಲ್ಲ. ಎಲ್ಲಾರಿಗೂ ಇದ್ದಾರ, ನನಗೂ ಇರಲಿ ಅಂದೆ."

ನಿನಗೆ ಅಣ್ಣ ಇಲ್ಲ ಎಂದು ಹೇಳಬೇಕಿತ್ತು. ಅದನ್ನು ಬಿಟ್ಟು, ಅಟ್ಟದ ಮೇಲಿನ ಪೌಡರ್ ಡಬ್ಬಿ ಇಳಿಸಿದೆ. ಬಾಗಿಲಲ್ಲಿ ನಿಂತಿದ್ದ ಇವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಜಗಳವಾಡಿದವರು ಮತ್ತೆ ಒಂದಾಗುವುದಕ್ಕೂ ಇಂಗ್ಲಿಷಿನಲ್ಲಿ ಮೇಕ್ ಅಪ್ ಅಂತಲೇ ಅನ್ನುತ್ತಾರಂತೆ, ಅದನ್ನೂ ಟೀಚರೇ ಹೇಳಿದರು. ನನಗೆ ತಲೆ ಕೆಟ್ಟುಹೋಗಿದೆ, ಮುಮತಾಜ. ಹುಡುಗಿ ಕಟ್ಟಿ ಹೇಳಿದ್ದು ಅವಳಿಗೇ ಗೊತ್ತಿಲ್ಲದೆ ಖರೆಯಾಗಿದ್ದರೆ, ಆಗಲೂ ಆ ಮಾತು ಸಲ್ಲುತ್ತದೆಯೇ? ತಿಳಿಸಿ ಬರೆ.

ನಿನ್ನ ಮಕ್ಕಳು ಚೆನ್ನಾಗಿ ಬಾಳಲಿ, ಒಬ್ಬರಿಗೊಬ್ಬರು ಆಸರೆಯಾಗಿರಲಿ.

ನಿನ್ನ
ಗಂಗಾಬಾಯಿ

ತಾ.ಕ.: ಸೊಲ್ಲಾಪುರದಲ್ಲಿ ಹುಟ್ಟಿದ ನನ್ನ ಮೊದಲ ಕೂಸು ಉಳಿಯಲಿಲ್ಲ ಎಂದು ನಿನಗೂ ಹೇಳಿದ್ದೆವು. ಅವನು ಇದ್ದಾನೆ. ಮಕ್ಕಳಿಲ್ಲದ ನಾದಿನಿ ಸುಭದ್ರಾಬಾಯಿಯ ಉಡಿಗೆ ಇವರು ಅವನನ್ನು ಹಾಕಿದರು. ಅವರೆಲ್ಲ ಈಗ ಜೇವರ್ಗಿಯಲ್ಲಿದ್ದಾರೆ. ಹುಡುಗನ ಹೆಸರು ದೌಲತರಾಯ. ನನ್ನನ್ನು ಅತ್ತಿ ಎಂದು ಕರೆಯುತ್ತಾನೆ. ಯುಗಾದಿಗೆ ಹೋದಾಗ, ಏನೂ ತಿಳಿಯದ ನೆರೆಮನೆಯ ಮುದುಕಿ ದ್ರೌಪದಿಯ ಗಲ್ಲ ಹಿಡಿದು, "ಸೋದರತ್ತಿ ಮಗ ಅದಾನ, ಇವನ್ನೇ ಲಗ್ನ ಮಾಡ್ಕೋ" ಅಂದಳು. ಎಲ್ಲರೂ ನಕ್ಕರು. ಸುಭದ್ರಾಬಾಯಿಯೂ ನಕ್ಕರು. ನಾನೂ ನಕ್ಕೆ.